ಗುರಿ ತಪ್ಪಿದ್ದು ಕಣ್ಣೋ, ಕಟ್ಟಿಗೆಯೋ?

ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂಥ ಎರೆ ಸೀಮೆಯ ಊರುಗಳ ಹಿರಿಯರಿಗೆ ಚಕ್ಕಡಿ ಗಾಲಿಯ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿದರೆ ಕಬ್ಬಿಣದ ಹಳಿ ಸಡಿಲಾಗುತ್ತದೆ. ಗಾಲಿ ನೀರು ಕುಡಿದರೆ ಮತ್ತೆ ಬಿಗಿಯಾಗುತ್ತದೆ. ಕಬ್ಬಿಣ ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಸೇನೆಯ ಹಳೆಯ ಬಂದೂಕು ಗುರಿ ತಪ್ಪುವುದಕ್ಕೂ ಅನೇಕ ಸಲ ಇಂಥದೇ ಕಾರಣವಿರುತ್ತದೆ.

ನಮ್ಮಲ್ಲಿ ಅಂಥ ಬಂದೂಕೆಂದರೆ ‘ತ್ರೀ ನಾಟ್ ತ್ರೀ’, ಅಂದರೆ ಲೀ-ಎನ್‌ಫೀಲ್ಡ್. ನಳಿಕೆಯ ಒಳ ಅಳತೆ ಅಂಗುಲದ ಸಾವಿರದಲ್ಲಿ 303 ಭಾಗ, ಸುಮಾರು 7.7 ಮಿಲಿಮೀಟರ್, ಹೆಸರು ಬಂದದ್ದು ಅದರಿಂದಲೇ. 1907ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಇದರ ಮೂರನೆಯ ಮಾದರಿ ಕಲ್ಕತ್ತೆಯ ಬಳಿಯ ಈಶಾಪುರ ಕಾರ್ಖಾನೆಯಲ್ಲಿಯೂ ತಯಾರಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳು ಹೊತ್ತದ್ದು ಇದನ್ನೇ. 1962ರ ಯುದ್ಧದ ನಂತರ ಸೇನೆ 7.62 ಮಿಲಿಮೀಟರಿನ ಬಂದೂಕಿಗೆ ಬದಲಾಯಿತು. ತ್ರೀ ನಾಟ್ ತ್ರೀ ಪೊಲೀಸರ ಹೆಗಲ ಮೇಲೆ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದಂದು.

ಇಂಥ ಮುದಿ ಬಂದೂಕು ಹಿಡಿದ ಪೇದೆಯ ಗುಂಡುಗಳು ಚದರಿದರೆ ಬೈಸಿಕೊಳ್ಳುವವನು ಅವನೇ. ಆದ್ದರಿಂದ ಮೊದಲ ಪ್ರಶ್ನೆ: ತಪ್ಪು ಯಾರದು? ನುರಿತ ಇನ್ನೊಬ್ಬನು ಮರಳಿನ ಚೀಲದ ಮೇಲೆ ಬಂದೂಕನ್ನಿಟ್ಟು ಐದು ಗುಂಡು ಹಾರಿಸಲಿ. ಗುಂಡುಗಳು ಒಂದೆಡೆ ಗುಂಪಾಗಿ, ಆದರೆ ನಡುವಿನಿಂದ ದೂರ ಬಿದ್ದರೆ ಗುರಿನೋಟದ ಕಡ್ಡಿ ಸರಿದಿದೆ. ಅವನಿಗೂ ಚದರಿದರೆ ದೋಷ ಬಂದೂಕಿನದು.

ಆಗ ಮೊದಲು ನೋಡಬೇಕಾದದ್ದು ಮರ. ಈ ಬಂದೂಕಿನ ನಳಿಕೆ ತುದಿಯವರೆಗೂ ಮರದೊಳಗೆ ಅಡಗಿರುತ್ತದೆ. ಗುಂಡು ಹಾರುವಾಗ ನಳಿಕೆ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ಗುರಿ ನಿಲ್ಲುತ್ತದೆ. ಮರ ಕುಗ್ಗಿ ತಿರುಪು ಸಡಿಲಾದರೆ, ಹಿಂದೊತ್ತನ್ನು ತಡೆಯುವ ಮರದ ಮೂಲೆ ಜಜ್ಜಿದರೆ, ಕಬ್ಬಿಣ ಒಳಗೇ ಅಲುಗಾಡುತ್ತದೆ. ಮರ ಉಬ್ಬಿ ಬಾಗಿ ನಳಿಕೆಯನ್ನು ಒತ್ತಿದರೆ, ನಳಿಕೆ ಕಾದಂತೆ ಗುಂಡು ಒಂದು ಕಡೆಗೆ ಸರಿಯುತ್ತ ಹೋಗುತ್ತದೆ. ಮರ ತೇವ ಕುಡಿಯದಿರಲೆಂದು ಹಿಂದೆ ಅದಕ್ಕೆ ಉಣಿಸುತ್ತಿದ್ದುದು ಅಗಸೆ ಎಣ್ಣೆ. ಧಾರವಾಡ ಸೀಮೆಯಲ್ಲಿ ಚಟ್ನಿಗೆ ಕುಟ್ಟುವ ಅದೇ ಅಗಸಿಯದು.

ಮರ ಸರಿಯಿದ್ದರೆ ಮಾತ್ರ ನಳಿಕೆಯ ಸರದಿ. ಹಳೆಯ ಕಾಡತೂಸಿನ ಕಿಡಿಮದ್ದು ಒಳಗೆ ಉಪ್ಪಿನಂಶ ಬಿಡುತ್ತದೆ. ಅದು ತೇವ ಎಳೆದು ತುಕ್ಕು ಹಿಡಿಸುತ್ತದೆ. ಸಿಪಾಯಿಗಳು ನಳಿಕೆಗೆ ಕುದಿಯುವ ನೀರು ಹೊಯ್ಯುತ್ತಿದ್ದುದು ಇದಕ್ಕಾಗಿಯೇ. ಒರೆಸುವ ಹಗ್ಗವನ್ನು ವರ್ಷಗಟ್ಟಲೆ ಓರೆಯಾಗಿ ಎಳೆದರೆ ನಳಿಕೆಯ ಬಾಯಿ ಒಂದು ಬದಿಗೆ ಸವೆಯುತ್ತದೆ, ಬಾವಿಯ ದಂಡೆಯ ಕಲ್ಲನ್ನು ಹಗ್ಗ ಸವೆಸಿದಂತೆ. ಗುಂಡು ಹಲಗೆಯಲ್ಲಿ ದುಂಡು ತೂತಿನ ಬದಲು ಉದ್ದ ತೂತು ಮಾಡಿದರೆ ಅದು ಅಡ್ಡ ತಿರುಗಿ ಹೋಗುತ್ತಿದೆ ಎಂದರ್ಥ. ನಳಿಕೆಯ ಒಳಗಿನ ಸುರುಳಿ ಗೆರೆಗಳು ಸವೆದಿರುವುದರ ಗುರುತು ಅದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಐದು ಗುಂಡು ಹಾರಿಸಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ತಪ್ಪಿತ್ತೆಂದು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಈ ಅಳತೆಯ ಬಂದೂಕು ಸಾರ್ವಜನಿಕರಿಗೆ ನಿಷಿದ್ಧ. ಆದ್ದರಿಂದ ಇದು ಇಲಾಖೆಯ ಆಯುಧ ದುರಸ್ತಿಗಾರನ ಕೆಲಸ. ಆದರೆ ಪೇದೆಯ ಕಣ್ಣು ಮಂದವೆಂದು ಬರೆಯುವ ಮೊದಲು ಅವನನ್ನು ಕರೆಸುವುದು ಮೇಲಧಿಕಾರಿಯ ಹೊಣೆ. ಹಳಿ ಸಡಿಲಾದರೆ ಎತ್ತಿಗೆ ಹೊಡೆದು ಏನು ಪ್ರಯೋಜನ?