ನಡುವಿನ ಹೆಸರು ಯಾರದು?



ನಿಮ್ಮ ಹೆಸರಿನ ಮುಂದೆ ಒಂದೋ ಎರಡೋ ಇನಿಶಿಯಲ್ ಇರಬಹುದು. ಅವು ಏನನ್ನು ಸೂಚಿಸುತ್ತವೆ ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಬಲ್ಲಿರಾ? ಊರಿನ ಹೆಸರೇ, ತಂದೆಯ ಹೆಸರೇ, ಮನೆತನದ ಹೆಸರೇ? ಈ ಪ್ರಶ್ನೆ ನಿಮಗೆ ಇನ್ನೊಂದು ಕಾರಣಕ್ಕೂ ಬೇಕು. ಅಕ್ಕನಿಗೋ ಅತ್ತಿಗೆಗೋ ಮಗುವಾದಾಗ, 'ಕಾಲೇಜಿಗೆ ಹೋಗುವವಳು ನೀನು, ಒಂದು ಒಳ್ಳೆಯ ಹೆಸರು ಹುಡುಕು' ಎಂದು ಮನೆಯಲ್ಲಿ ನಿಮಗೇ ಹೇಳುತ್ತಾರೆ. ಆಗ ಹೆಸರನ್ನು ಒಂಟಿಯಾಗಿ ನೋಡಿದರೆ ಸಾಲದು. ಅದರ ಜೊತೆಗೆ ನಿಲ್ಲುವ ಹೆಸರನ್ನೂ ನೋಡಬೇಕು.

ಇಂಗ್ಲೆಂಡ್, ಅಮೆರಿಕಗಳಲ್ಲಿ ನಡುವಿನ ಹೆಸರೆಂದರೆ ಸಾಮಾನ್ಯವಾಗಿ ಮಗುವಿಗೆ ಇಡುವ ಎರಡನೆಯ ಹೆಸರು. ಮೊದಲ ಹೆಸರಿಗೆ ಹೊಂದುವಂಥದನ್ನು ತಂದೆತಾಯಿಗಳು ಆರಿಸುತ್ತಾರೆ. ಅಜ್ಜಿಯ ಅಥವಾ ತಾತನ ನೆನಪಿಗಾಗಿಯೂ ಇಡುತ್ತಾರೆ. ನಮ್ಮಲ್ಲಿ ಕ್ರಮ ಬೇರೆ. ಧಾರವಾಡದ ಕಡೆ ಮೊದಲು ತನ್ನ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದು ಹೀಗೆ ಬಂದದ್ದು. ಮೈಸೂರಿನ ಕಡೆ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಇದಕ್ಕೆ ಉದಾಹರಣೆ. ಎರಡರಲ್ಲಿಯೂ ನಡುವೆ ನಿಂತವರು ತಂದೆಯೇ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಅಲ್ಲಿ ಮೊದಲ ಹೆಸರಿಗೆ ನಡುವಿನ ಹೆಸರನ್ನು ಹೊಂದಿಸುತ್ತಾರೆ. ಇಲ್ಲಿ ನಡುವಿನ ಹೆಸರು ಮಗು ಹುಟ್ಟುವ ಮೊದಲೇ ಮನೆಯಲ್ಲಿರುತ್ತದೆ. ಹೊಸ ಹೆಸರನ್ನೇ ಅದಕ್ಕೆ ಹೊಂದಿಸಬೇಕಾಗುತ್ತದೆ.

ಹೊಂದಿಸುವುದು ಹೇಗೆ? ನೀವು ತರಗತಿಯಲ್ಲಿ ಕಲಿತ ವ್ಯಾಕರಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲನೆಯದಾಗಿ ಸಂಧಿ. ಗೀತಾ ಎಂಬ ಹೆಸರಿನ ಮುಂದೆ ಆನಂದ ಬಂದರೆ ಕೇಳುವವರ ಕಿವಿಗೆ 'ಗೀತಾನಂದ' ಎಂದೇ ಬೀಳುತ್ತದೆ. ಸವರ್ಣದೀರ್ಘ ಸಂಧಿ ತನ್ನ ಕೆಲಸ ಮಾಡಿರುತ್ತದೆ. ಹೆಸರು ಸ್ವರದಲ್ಲಿ ಮುಗಿದರೆ, ಮುಂದಿನದು ವ್ಯಂಜನದಿಂದ ಆರಂಭವಾಗುವುದು ಮೇಲು. ಎರಡನೆಯದಾಗಿ, ಒಂದೇ ಅಕ್ಷರ ಒತ್ತೊತ್ತಾಗಿ ಬರಬಾರದು. 'ಸುಧಾ ಧನಂಜಯ' ಎಂದು ಬೇಗ ಹೇಳಿ ನೋಡಿ, ಒಂದು ಧಕಾರ ನುಂಗಿಹೋಗುತ್ತದೆ. ಮೂರನೆಯದಾಗಿ ಮಾತ್ರೆಗಳ ಲೆಕ್ಕ. 'ಇಳಾ' ಮೂರು ಮಾತ್ರೆ, 'ವೆಂಕಟರಮಣ' ಏಳು. ಚಿಕ್ಕದರ ಪಕ್ಕದಲ್ಲಿ ದೊಡ್ಡದು ಚೆನ್ನಾಗಿ ನಿಲ್ಲುತ್ತದೆ. 'ಲಕ್ಷ್ಮೀನರಸಿಂಹ ಸತ್ಯನಾರಾಯಣ' ಎಂದರೆ ಒಂಬತ್ತು ಮತ್ತು ಒಂಬತ್ತು, ಹದಿನೆಂಟು ಮಾತ್ರೆ. ಹಾಜರಿ ಕೂಗುವ ಮೇಷ್ಟರ ಉಸಿರು ಕಟ್ಟೀತು!

ಇನಿಶಿಯಲ್‌ಗಳ ಬಗೆಗೂ ಒಂದು ಮಾತು. ಇಂಗ್ಲಿಷಿನ 'ಕೆ.' ಕುಪ್ಪಳಿಯೂ ಆಗಬಹುದು, ಕೋಟವೂ ಆಗಬಹುದು. ಕನ್ನಡದ ಅಕ್ಷರ ಅಷ್ಟು ಬೇಗ ಗುರುತು ಬಿಟ್ಟುಕೊಡುವುದಿಲ್ಲ. ಕು, ವೆಂ, ಪು ಸೇರಿ ಕುವೆಂಪು ಆಯಿತು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅವರು ಅ.ನ.ಕೃ. ಆದರು. ಊರು, ತಂದೆ, ತಾನು ಮೂವರೂ ಆ ಮೂರಕ್ಷರಗಳಲ್ಲಿ ಉಳಿದುಕೊಂಡರು.

ಉಳಿಯದೆ ಹೋದವರು ಯಾರು? ತಾಯಿ. ಒಂಬತ್ತು ತಿಂಗಳು ಹೊತ್ತವಳ ಹೆಸರಿಗೆ ಮಗುವಿನ ಹೆಸರಿನಲ್ಲಿ ಜಾಗವಿಲ್ಲ. ಇದು ಎಂದೆಂದಿನ ಸಂಪ್ರದಾಯ ಎಂದು ತಿಳಿಯಬೇಡಿ. ನಿಮ್ಮ ಇತಿಹಾಸದ ಪಾಠದಲ್ಲಿ ಬರುವ ಗೌತಮೀಪುತ್ರ ಶಾತಕರ್ಣಿಯನ್ನು ನೆನೆಯಿರಿ. ಆ ಶಾತವಾಹನ ದೊರೆಯನ್ನು ನಾವು ಗುರುತಿಸುವುದು ತಾಯಿಯ ಹೆಸರಿನಿಂದ. ಬಾದಾಮಿಯ ಚಾಲುಕ್ಯರೂ ತಮ್ಮ ಶಾಸನಗಳಲ್ಲಿ 'ಹಾರಿತೀಪುತ್ರರು' ಎಂದು ಹೇಳಿಕೊಂಡರು. ನಮ್ಮ ಕಾಲಕ್ಕೆ ಬಂದರೆ, ಚಿತ್ರನಿರ್ದೇಶಕ ಸಂಜಯ್ ಲೀಲಾ ಭನ್ಸಾಲಿ ಅವರ ಹೆಸರಿನ ನಡುವೆ ಇರುವುದು ಅವರ ತಾಯಿ ಲೀಲಾ. ನೆರೆಯ ಮಹಾರಾಷ್ಟ್ರ ಸರ್ಕಾರವು 2024ರ ಮೇ 1ರಿಂದ ಹುಟ್ಟುವ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರಾದ ಮೇಲೆ ತಾಯಿಯ ಹೆಸರು, ಅನಂತರ ತಂದೆಯದು, ಕೊನೆಗೆ ಮನೆತನದ್ದು ಬರಬೇಕೆಂದು ನಿರ್ಧರಿಸಿತು. ಸೊಲ್ಲಾಪುರ, ಮುಂಬಯಿಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಈ ಕ್ರಮ ಅನ್ವಯಿಸುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕಾಗಿ ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ಹೆಸರಿಡುವ ದಿನ ಒಬ್ಬರು ಕೇಳಿದರೆ ಸಾಕು.

ಇನ್ನು ಕಾಗದಪತ್ರದ ವಿಷಯ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆದರೆ ಹೆಸರಿಗೆ ಅಷ್ಟು ಆತುರವಿಲ್ಲ. ಹೆಸರಿಲ್ಲದೆಯೇ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಅದಾದ ಮೇಲೂ ತಡದ ಶುಲ್ಕ ಕೊಟ್ಟು, 15 ವರ್ಷಗಳವರೆಗೆ ಅವಕಾಶವುಂಟು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಲು, ಪಾಸ್‌ಪೋರ್ಟ್ ಪಡೆಯಲು ಜನನ ಪ್ರಮಾಣಪತ್ರವೇ ಮುಖ್ಯ ಆಧಾರ. ಆದ್ದರಿಂದ ನಿಧಾನವಾಗಿ ಯೋಚಿಸಿ, ಬಿಡಿಸಿ ಬರೆಸಿ. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಅಂಕಣ: ಇಟ್ಟ ಹೆಸರು, ಮನೆತನದ ಹೆಸರು. ಮೈಸೂರಿನ ಕಡೆಯ ನಮ್ಮ ಎರಡು ಇನಿಶಿಯಲ್‌ಗಳನ್ನು ಅಲ್ಲಿ ಎಲ್ಲಿ ಕೂರಿಸಬೇಕೆಂಬುದೇ ತೊಡಕು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವವರಿಗೆ ಸಂದರ್ಶಕ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಪ್ರಕಟಿಸಿತು. ನಡುವಿನ ಹೆಸರು ಬರಿಯ ಅಲಂಕಾರವಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಆದ್ದರಿಂದ ಮಿತ್ರರೇ, ಹೆಸರು ಹುಡುಕುವಾಗ ಮೂರು ಕೆಲಸ ಮಾಡಿ. ಪೂರ್ಣ ಹೆಸರನ್ನು ಗಟ್ಟಿಯಾಗಿ ಕೂಗಿ ನೋಡಿ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪೂರ್ತಿಯಾಗಿ ಬರೆದು, ಎಲ್ಲ ದಾಖಲೆಗಳಲ್ಲಿ ಅದೇ ಕ್ರಮ ಇರುವಂತೆ ನೋಡಿಕೊಳ್ಳಿ. ಮೂರನೆಯದಾಗಿ, ತೊಟ್ಟಿಲ ಪಕ್ಕದಲ್ಲಿ ಕುಳಿತ ತಾಯಿಯನ್ನು, 'ನಿನ್ನ ಹೆಸರೂ ಇದರಲ್ಲಿ ಇರಲೇ?' ಎಂದು ಕೇಳಿ. ಈ ಮಾತನ್ನು ಅವಳಿಗೆ ಇದುವರೆಗೆ ಯಾರೂ ಕೇಳದೆ ಇದ್ದಿರಬಹುದು.