ಪತ್ತು ಉಳಿಯುವುದು ಹೇಗೆ?

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಬರೇ ಹೊಗಳಿಕೆಯ ಮಾತಾಡಿ ಕೂಡ್ರುವುದು ನಮಗೆ ಸರಿ ಕಾಣಲಿಲ್ಲ. ನಮ್ಮದು ಪತ್ತಿನ ಸಂಘ. ಪತ್ತು ಅಂದರೆ ಬರೇ ರೊಕ್ಕ ಅಲ್ರಿ, ನಂಬಿಕೆ. ಆ ನಂಬಿಕೆ ಹೇಗೆ ಉಳಿಯುತ್ತದೆ, ಹೇಗೆ ಕೆಡುತ್ತದೆ ಎಂಬ ಬಗ್ಗೆ ಎರಡು ಮಾತು ಹೇಳುತ್ತೇವೆ.

ಟ್ರ್ಯಾಕ್ಟರ್ ಬರುವ ಮೊದಲಿನ ಮಾತು. ಒಂದೇ ಎತ್ತು ಇದ್ದ ಇಬ್ಬರು ರೈತರು ಕೂಡಿ ಕೂರಿಗಿ ಹೂಡುತ್ತಾರೆ ಎನ್ನಿರಿ. ಇವತ್ತು ಒಬ್ಬನ ಹೊಲ, ನಾಳೆ ಇನ್ನೊಬ್ಬನದು. ತನ್ನ ಬಿತ್ತಿಗೆ ಮುಗಿದ ಮೇಲೆ ಮೊದಲಿನವನು ಮರುದಿನ ಎತ್ತು ಕೊಡದಿದ್ದರೆ ಅವನಿಗೇನೂ ನಷ್ಟವಿಲ್ಲ. ಇನ್ನೊಬ್ಬನ ಹೊಲದ ಹದ ಆರಿ ಹೋಗುತ್ತದೆ. ಹೀಗಾದೀತೆಂದು ಅಂಜಿ ಎರಡನೆಯವನು ಮೊದಲ ದಿನವೇ ಎತ್ತು ಕೊಡಲಿಲ್ಲ ಅನ್ನಿ, ಇಬ್ಬರ ಹೊಲವೂ ಬೀಳು. ಇಬ್ಬರೂ ಶ್ಯಾಣ್ಯಾರು, ಇಬ್ಬರಿಗೂ ಹಾನಿ! ಇಂಥ ಪೇಚನ್ನು 1950ರಲ್ಲಿ ಅಮೇರಿಕದ ಗಣಿತಜ್ಞರು ಒಂದು ಆಟದ ರೂಪದಲ್ಲಿ ಬಿಡಿಸಿ ತೋರಿಸಿದರು. ಆಲ್ಬರ್ಟ್ ಟಕರ್ ಎಂಬವರು ಅದಕ್ಕೆ ಇಬ್ಬರು ಕೈದಿಗಳ ಕಥೆ ಜೋಡಿಸಿದ್ದರಿಂದ 'ಕೈದಿಗಳ ಇಕ್ಕಟ್ಟು' ಎಂಬ ಹೆಸರು ಬಂತು.

ಆದರೆ ನಮ್ಮ ಹಿರಿಯರ ಹೊಲ ಬೀಳು ಬೀಳಲಿಲ್ಲವಲ್ಲ, ಯಾಕೆ? ಯಾಕಂದರೆ ಅದು ಒಂದೇ ದಿನದ ಆಟವಲ್ಲ. ಮುಂದಿನ ವರ್ಷವೂ ಮಳೆಯಾಗುತ್ತದೆ, ಅದೇ ಅಗಸಿಯಲ್ಲಿ ಅದೇ ಮುಖ ನೋಡಬೇಕಾಗುತ್ತದೆ.

ಇದನ್ನೇ ಮಿಶಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರು. ಈ ಆಟವನ್ನು ಮತ್ತೆ ಮತ್ತೆ ಆಡಲು ಬೇರೆ ಬೇರೆ ವಿದ್ವಾಂಸರಿಂದ ಉಪಾಯಗಳನ್ನು ತರಿಸಿದರು. ಮೊದಲ ಸಲ 14, ಎರಡನೆಯ ಸಲ 62 ಉಪಾಯ ಬಂದವು. ಎರಡೂ ಸಲ ಗೆದ್ದದ್ದು ಅನಾಟೊಲ್ ರಾಪಪೋರ್ಟ್ ಕಳಿಸಿದ, ಬಹಳ ಸರಳವಾದ ಉಪಾಯ. ಮೊದಲು ನೀವಾಗಿ ಸಹಕರಿಸಿರಿ. ಆಮೇಲೆ ಎದುರಿನವನು ಹಿಂದಿನ ಸಲ ಏನು ಮಾಡಿದನೋ ಅದನ್ನೇ ಮಾಡಿರಿ. 1984ರಲ್ಲಿ ಅವರು ಇದನ್ನೆಲ್ಲ ಪುಸ್ತಕ ಮಾಡಿದರು. ನಮಗೆ ಇದು ಹೊಸದಲ್ಲ. ಹೊಲದ ಕೆಲಸಕ್ಕೆ ಆಳಿಗೆ ಆಳು ಕೊಡುವುದಕ್ಕೆ ನಾವು ಮುಯ್ಯಾಳು ಅಂತೀವಿ; ಕೇಡಿಗೆ ಕೇಡು ಮಾಡುವುದಕ್ಕೂ ಮುಯ್ಯಿ ತೀರಿಸುವುದು ಅಂತೀವಿ. ಎರಡಕ್ಕೂ ಒಂದೇ ಶಬ್ದ!

ಆದರೆ ಇದರಲ್ಲೊಂದು ಕುಂದು ಐತಿ. ಒಬ್ಬನ ಎತ್ತು ಜಡ್ಡಾಗಿ ಬರಲಿಲ್ಲವೆಂದು ಇನ್ನೊಬ್ಬನು ಸಿಟ್ಟಾದರೆ, ಆ ಮುಯ್ಯಿ ಮುಗಿಯುವುದೇ ಇಲ್ಲ. 1992ರಲ್ಲಿ ಮಾರ್ಟಿನ್ ನೊವಾಕ್, ಕಾರ್ಲ್ ಸಿಗ್ಮಂಡ್ ಎಂಬವರು, ತಪ್ಪು ನಡೆಯುವ ಲೋಕದಲ್ಲಿ ಆಗಾಗ ಕ್ಷಮಿಸುವ ಉಪಾಯವೇ ಹೆಚ್ಚು ಬಾಳುತ್ತದೆಂದು ಲೆಕ್ಕದಿಂದ ತೋರಿಸಿದರು. ಹಾಗಂತ ಎಲ್ಲದಕ್ಕೂ ಕ್ಷಮೆಯಲ್ಲ. ಮೋಸಕ್ಕೆ ಕಣ್ಣು ಮುಚ್ಚಿದರೆ ಮೋಸವೇ ಬೆಳೆಯುತ್ತದೆ.

ಇನ್ನು ನಮ್ಮ ಸಂಘಕ್ಕೆ ಬರೋಣ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. 1904ರ ಕಾಯ್ದೆ ಪ್ರಕಾರ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬ ಮುಳುಗಿಸಿದರೆ ಭಾರ ಎಲ್ಲರ ತಲೆಯ ಮೇಲೆ. ಅದಕ್ಕೇ ಒಬ್ಬರ ನಡತೆ ಒಬ್ಬರು ಬಲ್ಲ ಊರಿನವರೇ ಕೂಡಬೇಕಾಯಿತು. ಈಗ ಆ ಹೊಣೆ ಷೇರಿನಷ್ಟಕ್ಕೇ ಉಳಿದಿದೆ. 'ಅವನೇ ಕಟ್ಟಿಲ್ಲ, ನಾವ್ಯಾಕೆ ಕಟ್ಟಬೇಕು?' ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತದೆ. ಒಂದೇ ಎತ್ತಿನ ರೈತರ ಅಂಜಿಕೆ ಇದೇ ಅಲ್ರಿ?

1990 ಮತ್ತು 2008ರಲ್ಲಿ ಕೇಂದ್ರ ಸರಕಾರ ರೈತರ ಸಾಲ ಮನ್ನಾ ಮಾಡಿತು. ಕಷ್ಟದಲ್ಲಿದ್ದವರಿಗೆ ಅದು ಆಸರೆಯಾಯಿತು, ಸುಳ್ಳಲ್ಲ. ಆದರೆ ಹೊಟ್ಟೆ ಕಟ್ಟಿ ವೇಳೆಗೆ ಸಾಲ ತೀರಿಸಿದವನು 'ನಾವೇನು ತಪ್ಪು ಮಾಡಿದ್ವಿ?' ಎಂದು ಕೇಳಿದರೆ ಉತ್ತರ ಹೇಳುವುದು ಕಠಿಣ. ಮನ್ನಾ ಬಂದೀತೆಂದು ಕಾಯುವವನ ಬಾಕಿ, ಬಿತ್ತಿಗೆಗೆ ಸಾಲ ಸಿಗದ ಬಡವನ ಮೇಲೆ ಬೀಳುತ್ತದೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನರ್ ಆಸ್ಟ್ರಮ್. ಕೆರೆ, ಕಾಲುವೆ, ಕಾಡುಗಳನ್ನು ಜನರೇ ಕಾಯ್ದುಕೊಂಡ ಕಡೆಗಳನ್ನು ಅವರು ಅಭ್ಯಾಸ ಮಾಡಿದ್ದರು. ಬಾಳಿದ ಕಡೆಗಳಲ್ಲಿ ಕಂಡದ್ದೇನೆಂದರೆ, ನಿಯಮವನ್ನು ಬಳಸುವವರೇ ಸೇರಿ ಮಾಡಿದ್ದರು, ಲೆಕ್ಕದ ಮೇಲೆ ಅವರದೇ ಕಣ್ಣಿತ್ತು, ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ವಾರ್ಷಿಕ ಸಭೆಗೆ ಬರಿ ಊಟಕ್ಕಲ್ಲ, ಲೆಕ್ಕ ಕೇಳಲಿಕ್ಕೂ ಬರ್ರಿ. ಬೆಳೆ ಕೆಟ್ಟವರು ವಾಯಿದೆ ಮುಗಿಯುವ ಮೊದಲೇ ಬಂದು ಹೇಳಿರಿ. ಅಂಥವರಿಗೆ ಸಂಘ ದಾರಿ ಹುಡುಕಲಿ. ಕಟ್ಟುವ ಶಕ್ತಿ ಇದ್ದೂ ಕಟ್ಟದವರಿಗೆ ಮಾತ್ರ ನಮ್ಮವರು, ಹೊರಗಿನವರು ಎನ್ನದೆ ಬೇಗ ನೋಟೀಸು ಹೋಗಲಿ. ಬಾಕಿ ತೀರಿಸಿ ಬಂದವರನ್ನು ಹಳೆಯದನ್ನು ಎತ್ತಾಡದೆ ಕರೆದು ಕೂಡ್ರಿಸೋಣ.

ಇಪ್ಪತ್ತೈದು ವರ್ಷ ಈ ಸಂಘ ನಿಂತದ್ದು ನಾವೆಲ್ಲ ದೇವರಂಥವರು ಅಂತಲ್ಲ, ನಾಳೆ ಮತ್ತೆ ಮುಖ ನೋಡುವವರು ಅಂತ. ಆ ನಾಳೆಯನ್ನು ಕಾಯ್ದುಕೊಳ್ಳೋಣ ಎಂದು ಹೇಳಿ, ನಮ್ಮ ಎರಡು ಮಾತು ಮುಗಿಸುತ್ತೇವೆ.