ಬದುಕಿರುವುದಕ್ಕೆ ಪ್ರಮಾಣ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿದಾಗ, ವಿಷಯವನ್ನು ನಮಗೇ ಬಿಟ್ಟಿದ್ದರು. ನಾವು ಆರಿಸಿಕೊಂಡ ವಿಷಯ ತಿಳಿದ ಮೇಲೆ ಒಂದು ಗಳಿಗೆ ಸುಮ್ಮನಾದರು. ರಾಜ್ಯೋತ್ಸವದ ಸಡಗರದ ಸಮಯದಲ್ಲಿ ಸಾವಿನ ಮಾತೇಕೆ ಎಂದು ಅವರಿಗೆ ಅನಿಸಿದ್ದರೆ ಅದು ಸಹಜವೇ. ಬ್ಯಾಂಕಿನ ಗುಮಾಸ್ತರಾದ ನಮಗೆ ವೇದಾಂತ ಹೇಳುವ ಅಧಿಕಾರವಿಲ್ಲ. ಆದರೆ ಕೌಂಟರಿನ ಹಿಂದೆ ಕುಳಿತು ಕಂಡದ್ದನ್ನೂ ಮನೆಯಲ್ಲಿ ಕಳೆದುಕೊಂಡದ್ದನ್ನೂ ಹೇಳುವ ಅಧಿಕಾರ ಉಂಟೆಂದು ತಿಳಿದು ನಿಂತಿದ್ದೇವೆ.

ನವೆಂಬರ್ ಎಂದರೆ ಕನ್ನಡಿಗರಿಗೆ ರಾಜ್ಯೋತ್ಸವ. ಬ್ಯಾಂಕಿನವರಿಗೆ ಪಿಂಚಣಿದಾರರ ತಿಂಗಳು. ಸರ್ಕಾರಿ ಪಿಂಚಣಿ ಪಡೆಯುವ ಹಿರಿಯರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಈ ತಿಂಗಳಲ್ಲಿ, ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ‘ಜೀವನ್ ಪ್ರಮಾಣ್’ ವ್ಯವಸ್ಥೆ ಬಂದ ಮೇಲೆ ಇದನ್ನು ಬ್ಯಾಂಕಿಗೆ ಬಾರದೆಯೂ ಕೊಡಬಹುದಾಗಿದೆ. ಆದರೂ ಎಷ್ಟೋ ಹಿರಿಯರು ಕೋಲೂರಿಕೊಂಡು ತಾವೇ ಬರುತ್ತಾರೆ. “ಈ ವರ್ಷಕ್ಕೂ ಇದ್ದೇವೆ, ಬರೆದುಕೊಳ್ಳಿ” ಎಂದು ನಗುತ್ತಾರೆ. ನೋಡಿ, ಎಂಬತ್ತರ ಅಜ್ಜನವರಿಗೆ ಆ ಕಾಗದ ಕಂಡರೆ ಭಯವಿಲ್ಲ. ಅದೇ ಕೌಂಟರಿನಲ್ಲಿ ಹೊಸ ಖಾತೆ ತೆರೆಯಲು ಬಂದ ಮೂವತ್ತೈದರ ತರುಣನ ಮುಂದೆ ನಾಮಿನಿಯ ಫಾರಂ ಇಟ್ಟರೆ, “ಇದೆಲ್ಲ ಈಗಲೇ ಏಕೆ, ಆಮೇಲೆ ನೋಡೋಣ” ಎಂದು ಪಕ್ಕಕ್ಕೆ ಸರಿಸುತ್ತಾನೆ.

ಮಹಾಭಾರತದ ಯಕ್ಷನು ಧರ್ಮರಾಯನಿಗೆ, ಲೋಕದಲ್ಲಿ ಆಶ್ಚರ್ಯವಾದದ್ದು ಯಾವುದೆಂದು ಕೇಳಿದ ಕತೆ ನಿಮಗೆಲ್ಲ ಗೊತ್ತಿದೆ. ದಿನದಿನವೂ ಜೀವಿಗಳು ಯಮನ ಮನೆಗೆ ಹೋಗುತ್ತಿರುವುದನ್ನು ಕಂಡೂ ಉಳಿದವರು ತಾವು ಶಾಶ್ವತವೆಂದು ಭಾವಿಸುವುದೇ ಆಶ್ಚರ್ಯವೆಂದು ಅವನು ಉತ್ತರ ಕೊಟ್ಟನಂತೆ. ಆ ಆಶ್ಚರ್ಯವನ್ನು ನಾವು ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಕಾಣುತ್ತೇವೆ. ನಮ್ಮ ಲೆಕ್ಕಶಾಸ್ತ್ರದಲ್ಲಿಯೂ ಅಂಥದೊಂದು ಗೃಹೀತವಿದೆ: ವ್ಯಾಪಾರವು ಮುಂದೆಯೂ ನಡೆದುಕೊಂಡೇ ಹೋಗುವುದೆಂದು ತಿಳಿದು ಲೆಕ್ಕ ಬರೆಯಬೇಕು. ಆದರೆ ಅದೇ ಶಾಸ್ತ್ರವು ಮಾರ್ಚ್ 31 ಬಂದೊಡನೆ ಪುಸ್ತಕ ಮುಚ್ಚಿ, ಕೊಡತಕ್ಕದ್ದೆಷ್ಟು, ಬರತಕ್ಕದ್ದೆಷ್ಟು ಎಂದು ತೋರಿಸಬೇಕೆನ್ನುತ್ತದೆ. ನಾವು ಮೊದಲ ಮಾತನ್ನು ಮಾತ್ರ ಬಾಳಿಗೆ ಹಚ್ಚಿಕೊಂಡಿದ್ದೇವೆ, ಎರಡನೆಯದನ್ನು ಮರೆತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಒಬ್ಬ ತಾಯಿ ಬಂದರು. ಅವರ ಯಜಮಾನರು ನಮ್ಮ ಕಡೆಯವರೇ. ಕೌಂಟರಿಗೆ ಬಂದಾಗಲೆಲ್ಲ ಕನ್ನಡದಲ್ಲಿ ಎರಡು ಮಾತಾಡದೆ ಹೋದವರಲ್ಲ. ನಾಮಿನಿಯ ಫಾರಂ ಅನ್ನು ನಾವೇ ಅವರ ಕೈಗೆ ಎರಡು ಸಲ ಕೊಟ್ಟಿದ್ದೆವು. “ಮುಂದಿನ ವಾರ ತುಂಬಿ ತರತೇನಿ” ಎಂದಿದ್ದರು. ಆ ವಾರ ಬರಲಿಲ್ಲ. ಈಗ ಆ ತಾಯಿ ಮರಣದ ದಾಖಲೆ, ವಾರಸುದಾರರ ಒಪ್ಪಿಗೆ, ಪ್ರಮಾಣಪತ್ರ, ಜಾಮೀನು ಎಂದು ತಿರುಗಾಡಬೇಕಾಯಿತು. ಹಣವೇನೋ ಕೊನೆಗೆ ಕೈಸೇರಿತು. ಆ ದಿನ ಅವರು ಎದ್ದು ಹೋಗುವ ಮುನ್ನ ಮೆಲ್ಲಗೆ ಕೇಳಿದರು: “ಬ್ಯಾರೆ ಏನೂ ಬರದಿಟ್ಟಿಲ್ಲೇನ್ರೀ ಅವರು?”

ಅವರು ಕೇಳಿದ್ದು ಹಣವನ್ನಲ್ಲ. ಲಾಕರಿನಲ್ಲೋ, ಪಾಸ್‌ಬುಕ್ಕಿನ ಹಾಳೆಗಳ ನಡುವೆಯೋ, ತಮಗಾಗಿ ಒಂದು ಮಾತು ಇದ್ದೀತೆಂದು ಕೇಳಿದರು. ನಾವು ಇಲ್ಲವೆಂದೆವು. ಆ ಸಂಜೆ ಲೋಕಲ್ ಗಾಡಿಯಲ್ಲಿ ಡೊಂಬಿವಲಿಯವರೆಗೆ ನಿಂತೇ ಬಂದೆವು. ಆ ಪ್ರಶ್ನೆ ನಮ್ಮ ಜೊತೆಗೇ ಬಂದಿತು.

ಬಂದದ್ದಕ್ಕೆ ಕಾರಣವಿತ್ತು. ವಿಜಯಪುರದ ಕಡೆಯ ಹಳ್ಳಿಯಲ್ಲಿ ನಮ್ಮ ಆಯಿ, ಅಂದರೆ ತಾಯಿಯ ತಾಯಿ, ಇದ್ದಳು. ಬೀಸುವಾಗ ಹಾಡುವ ಪದಗಳು ಅವಳಿಗೆ ಎಷ್ಟು ಬರುತ್ತಿದ್ದವೆಂದು ಎಣಿಸಿದವರಿಲ್ಲ. ಬೀಸುವ ಕಲ್ಲು ಮೂಲೆ ಸೇರಿ ಎಷ್ಟೋ ಕಾಲವಾಗಿದ್ದರೂ ಪದಗಳು ಅವಳ ಬಾಯಲ್ಲಿದ್ದವು. ರಜೆಯಲ್ಲಿ ಹೋದಾಗಲೆಲ್ಲ ಈ ಸಲ ಇವನ್ನು ಫೋನಿನಲ್ಲಿ ಹಿಡಿದಿಡಬೇಕು ಎಂದುಕೊಳ್ಳುತ್ತಿದ್ದೆವು. ಕೊನೆಯ ಸಲ ಹೊರಡುವಾಗ ಅವಳೇ, “ಕುಂಡ್ರಪಾ, ಇನ್ನೆರಡು ಪದ ಅಂತೇನಿ” ಎಂದಳು. “ಗಾಡಿಗಿ ಹೊತ್ತಾಗತದ ಆಯಿ, ಮುಂದಿನ ಸರ್ತಿ” ಎಂದು ಕಾಲಿಗೆ ನಮಸ್ಕರಿಸಿ ಹೊರಟೆವು. 2019ರಲ್ಲಿ ಆಯಿ ತೀರಿಕೊಂಡಳು. ನಮ್ಮ ಫೋನಿನಲ್ಲಿ ಹೋಟೆಲಿನ ತಟ್ಟೆಗಳ ಚಿತ್ರ ನೂರಾರಿವೆ; ಆಯಿಯ ಧ್ವನಿ ಒಂದು ನಿಮಿಷದ್ದೂ ಇಲ್ಲ. ಅಂದು ಗಾಡಿ ಒಂದು ಗಂಟೆ ತಡವಾಗಿ ಬಂದಿತ್ತೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಬ್ಯಾಂಕಿನಲ್ಲಿ ಮರೆತ ಹಣಕ್ಕೆ ಒಂದು ಗತಿಯುಂಟು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯು 2014ರಲ್ಲಿ ಏರ್ಪಟ್ಟ ನಿಧಿಗೆಂದು ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ. ಹೋದ ಮೇಲೆಯೂ ಠೇವಣಿದಾರನಾಗಲಿ, ಅವನ ವಾರಸುದಾರರಾಗಲಿ ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂಥ ಠೇವಣಿಯನ್ನು ಹುಡುಕಲು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೂ ತೆರೆದರು. ಆದರೆ ಆಯಿಯ ಪದಗಳನ್ನು ಯಾವ ನಿಧಿಗೆ ಹೋಗಿ ಕೇಳೋಣ?

ಸಾವನ್ನು ನೆನೆದರೆ ಮನಸ್ಸು ಕುಗ್ಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಕುಗ್ಗುವುದೂ ಉಂಟು. ಸ್ಮಶಾನದಲ್ಲಿ ಹುಟ್ಟುವ ವೈರಾಗ್ಯ ಎಲ್ಲರಿಗೂ ಗೊತ್ತು: ಎಲ್ಲವೂ ಮಿಥ್ಯೆ ಎನ್ನುತ್ತ ಹಿಂದಿರುಗುತ್ತೇವೆ, ಮನೆಗೆ ಬಂದು ಸ್ನಾನ ಮಾಡಿ ಕಾಫಿ ಕುಡಿಯುವಷ್ಟರಲ್ಲಿ ಅದು ಇಳಿದಿರುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ನಾವು ಹೇಳುತ್ತಿರುವುದು ಬೇರೆ ಬಗೆಯ ನೆನಪು. ಸಮಯ ಮಿತವೆಂದು ತಿಳಿದವನು ಕೈಕಟ್ಟಿ ಕೂರುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಿಕೊಳ್ಳುತ್ತಾನೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಇಬ್ಬರು ಹಿರಿಯರ ನಿದರ್ಶನವಿದೆ. ಫ. ಗು. ಹಳಕಟ್ಟಿಯವರೂ ಆಲೂರು ವೆಂಕಟರಾಯರೂ 1880ರ ಜುಲೈ ತಿಂಗಳಲ್ಲಿ ಹುಟ್ಟಿದವರು. 1964ರಲ್ಲಿ, ಕೆಲವೇ ತಿಂಗಳ ಅಂತರದಲ್ಲಿ, ತೀರಿಕೊಂಡವರು. ಇಬ್ಬರೂ ನಮ್ಮಂತೆಯೇ ಹೊರನಾಡಿನ ನೀರು ಕುಡಿದವರು: ಹಳಕಟ್ಟಿಯವರು ಕಲಿತದ್ದು ಇದೇ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ, ಆಲೂರರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಇಬ್ಬರೂ ಕಾನೂನು ಓದಿದವರು. ಬೇಕೆಂದಿದ್ದರೆ ವಕೀಲಿ ನಡೆಸಿ ಸುಖವಾಗಿರಬಹುದಿತ್ತು.

ಹಳಕಟ್ಟಿಯವರ ಕಣ್ಣಿಗೆ ಬಿದ್ದದ್ದು ಓಲೆಗರಿಗಳ ಸಾವು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಮನೆಮನೆಯ ಮಾಡಗಳಲ್ಲಿ, ಮಠಗಳ ಗಂಟುಗಳಲ್ಲಿ ಹುಳು ತಿನ್ನುತ್ತಿದ್ದವು. ಓಲೆಗರಿ ಕಾಯುವುದಿಲ್ಲ, ತಮ್ಮ ಆಯುಷ್ಯವೂ ಕಾಯುವುದಿಲ್ಲ ಎಂಬುದನ್ನು ಅವರು ಮನಗಂಡಿರಬೇಕು. ಊರೂರು ಅಲೆದು ಓಲೆಗಳನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು, ಇದ್ದ ಮನೆಯನ್ನು ಮಾರಿ ವಿಜಯಪುರದಲ್ಲಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಈಗ ನಮ್ಮ ಮಕ್ಕಳು ವೇದಿಕೆಯ ಮೇಲೆ ವಚನ ಹೇಳಿ ಚಪ್ಪಾಳೆ ಗಿಟ್ಟಿಸುವಾಗ, ಆ ಮಾರಿದ ಮನೆಯನ್ನು ಒಮ್ಮೆ ನೆನೆಯುವುದು ಉಚಿತ.

ಆಲೂರರು ‘ಕರ್ನಾಟಕ ಗತವೈಭವ’ವನ್ನು ಹೊರತಂದದ್ದು 1917ರಲ್ಲಿ. ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು, ಅಂದರೆ ಮೂವತ್ತೊಂಬತ್ತು ವರ್ಷಗಳ ಮೇಲೆ. ಪುಸ್ತಕ ಬಂದಾಗ ಅವರಿಗೆ ಹೆಚ್ಚುಕಡಿಮೆ ಈಗ ನಮಗಿರುವ ವಯಸ್ಸು. ತಮ್ಮ ಕಾಲದಲ್ಲಿಯೇ ಫಲ ಕಾಣುವೆನೆಂಬ ಭರವಸೆಯನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ತಾನು ಇರುವ ತನಕ ಮುಗಿಯದಿದ್ದರೂ ಆರಂಭಿಸತಕ್ಕ ಕೆಲಸಗಳಿವೆಯೆಂದು ತಿಳಿಯುವುದೂ ಸಾವಿನ ಅರಿವೇ. 1973ರಲ್ಲಿ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬರುವ ಹೊತ್ತಿಗೆ ಅವರು ಇರಲಿಲ್ಲ. ಆದರೂ ಆ ಹೆಸರಿನಲ್ಲಿ ಅವರ ದುಡಿಮೆಯಿದೆ.

ನಮ್ಮ ವೃತ್ತಿಯ ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ನಾಮಿನಿ ಎಂದರೆ ಹಣದ ಒಡೆಯನೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅವನು ಬ್ಯಾಂಕಿನಿಂದ ಹಣ ಪಡೆಯಲು ಅರ್ಹನೇ ಹೊರತು, ಅದನ್ನು ನಿಜವಾದ ವಾರಸುದಾರರ ಪರವಾಗಿ ಹಿಡಿದಿರತಕ್ಕವನು. ಇದನ್ನು ಗಿರಾಕಿಗಳಿಗೆ ವಿವರಿಸಿ ವಿವರಿಸಿ ಬಾಯಿಪಾಠವಾಗಿತ್ತು. ಆಯಿ ಹೋದ ಮೇಲೆ ಒಂದು ದಿನ ಅದೇ ಮಾತು ನಮಗೇ ತಗುಲಿತು. ಅವಳ ಪದಗಳಿಗೆ, ಅಪ್ಪನ ಗಾದೆಗಳಿಗೆ, ನಾವಾಡುವ ಈ ಕನ್ನಡಕ್ಕೆ ನಾವು ಒಡೆಯರಲ್ಲ, ನಾಮಿನಿಗಳು. ಮುಂದಿನವರ ಪಾಲನ್ನು ನಾವೇ ಇಟ್ಟುಕೊಂಡು ಹೋದರೆ ಅದು ವಿಶ್ವಾಸಭಂಗ. ಊರಿನಲ್ಲಿದ್ದವರಿಗೆ ಬೀದಿಯಾದರೂ ಕನ್ನಡ ಕಲಿಸುತ್ತದೆ. ಇಲ್ಲಿ ನಮ್ಮ ಮಕ್ಕಳಿಗೆ ಬೀದಿ ಮರಾಠಿಯನ್ನೂ ಹಿಂದಿಯನ್ನೂ ಕೊಡುತ್ತದೆ, ಶಾಲೆ ಇಂಗ್ಲಿಷನ್ನು ಕೊಡುತ್ತದೆ, ಅವೂ ಬೇಕು. ಕನ್ನಡವನ್ನು ಕೊಡಲು ನಾವು ಬಿಟ್ಟರೆ ಬೇರೆ ಯಾರೂ ಇಲ್ಲ. ನಾವಾದರೋ ಎಂದೆಂದಿಗೂ ಇರುವವರಲ್ಲ.

ಆದುದರಿಂದ ನಮ್ಮ ವಿನಂತಿ ಮೂರೇ. ಮೊದಲನೆಯದು, ಮನೆಗೆ ಹೋಗಿ ಪಾಸ್‌ಬುಕ್ಕು ತೆಗೆದು ನಾಮಿನಿಯ ಹೆಸರು ಇದೆಯೇ ನೋಡಿರಿ. 2025ರ ನವೆಂಬರ್ 1ರಂದು ಜಾರಿಗೆ ಬಂದ ನಿಯಮದಂತೆ ಒಂದು ಖಾತೆಗೆ ನಾಲ್ವರವರೆಗೆ ಹೆಸರಿಸಬಹುದು. ಅಪಶಕುನವೆಂದು ಬಿಡಬೇಡಿರಿ, ಹೆಸರು ಬರೆದಷ್ಟಕ್ಕೆ ಸತ್ತವರನ್ನು ನಾವು ಕಂಡಿಲ್ಲ. ಎರಡನೆಯದು, ಯಾರೊಡನೆಯೋ ಮಾತು ಬಿಟ್ಟಿದ್ದರೆ, ಯಾರಿಗೋ ಹೇಳಬೇಕಾದ ಮಾತು ಉಳಿದಿದ್ದರೆ, ಈ ವಾರವೇ ಹೇಳಿರಿ; ಇಲ್ಲವೇ ಬರೆದಿಡಿರಿ. ಮೂರನೆಯದು, ವಾರಕ್ಕೆ ಅರ್ಧ ಗಂಟೆ ಮನೆಯ ಹಿರಿಯರ ಬಳಿ ಮಕ್ಕಳನ್ನು ಕೂರಿಸಿ, ಕೇಳಿದ್ದನ್ನು ಕನ್ನಡದಲ್ಲಿ ಬರೆಯಿಸಿರಿ.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಇದು ನಡೆದಿದೆ. ಅವ್ವನಿಗೆ ಆಯಿಯ ಪದಗಳಲ್ಲಿ ಕೆಲವೇ ನೆನಪಿವೆ. ಎಷ್ಟೋ ಪದ ನಡುವೆಯೇ ನಿಂತುಬಿಡುತ್ತದೆ. ಒಂಬತ್ತು ವರ್ಷದ ಮಗಳು ಸೊಟ್ಟ ಅಕ್ಷರಗಳಲ್ಲಿ ಬರೆದುಕೊಂಡು, ನಿಂತಲ್ಲಿ ಒಂದು ಸಾಲು ಖಾಲಿ ಬಿಡುತ್ತಾಳೆ. “ಯಾಕವ್ವಾ, ಖಾಲಿ ಬಿಟ್ಟಿ?” ಎಂದು ಕೇಳಿದರೆ, “ಅಮ್ಮನಿಗೆ ನೆನಪಾದಾಗ ತುಂಬ್ತೀನಿ ಅಪ್ಪಾ” ಎನ್ನುತ್ತಾಳೆ. ಅಜ್ಜಿಯನ್ನು ಅವಳು ಅಮ್ಮ ಎಂದೇ ಕರೆಯುವುದು. ಕಳೆದ ಭಾನುವಾರ ಅವ್ವನಿಗೆ ಅಂಥ ಒಂದು ಸಾಲು ನೆನಪಾಯಿತು. ಮೂವರೂ ಕೂಡಿ ಅದನ್ನು ತುಂಬಿದೆವು.

 ಸಿರಿಗನ್ನಡಂ ಗೆಲ್ಗೆ.